ನಡುಹೊಳೆಯಲ್ಲಿ ನಿಂತ ಮೋಟರು

ಟೂ ಸ್ಟ್ರೋಕ್ ಇಂಜಿನ್ ಒಳ್ಳೆಯದೋ ಫೋರ್ ಸ್ಟ್ರೋಕ್ ಒಳ್ಳೆಯದೋ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕಳೆದ ತಿಂಗಳು ಕಳಸದ ಹತ್ತಿರ ಭದ್ರಾ ಹೊಳೆಯ ದಡದಲ್ಲಿ ಹಾಗೇ ಆಯಿತು. ಮೊಮ್ಮಗಳಿಗೆ ಗಂಡು ನೋಡಲು ಹೊರಟವನು ಸೇತುವೆಯ ಮೇಲೆ ಕಾರು ನಿಲ್ಲಿಸಲು ಹೇಳಿ ಕೆಳಗೆ ಇಳಿದೆ. ಯಾಕೆ ಇಳಿದೆನೋ ಗೊತ್ತಿಲ್ಲ. ಕೆಳಗೆ ಯಾವುದೋ ರೆಸಾರ್ಟಿನವರು ಪ್ರವಾಸಿಗರನ್ನು ಸುತ್ತಿಸಲು ಒಂದು ದೋಣಿ ಇಟ್ಟುಕೊಂಡಿದ್ದರು. ಅದರ ಹಿಂಬದಿಗೆ ಸಿಕ್ಕಿಸಿದ ಹಳೆಯ ಔಟ್‌ಬೋರ್ಡ್ ಮೋಟರು. ಯಾರೋ ಹಗ್ಗ ಎಳೆದು ಅದನ್ನು ಶುರು ಮಾಡಿದ ಕೂಡಲೇ ಎಣ್ಣೆ ಬೆರೆತ ಪೆಟ್ರೋಲಿನ ನೀಲಿ ಹೊಗೆ ನನ್ನ ಮೂಗಿಗೆ ಬಡಿಯಿತು. ನಲವತ್ತು ವರ್ಷಕ್ಕೂ ಮೇಲಾಯಿತು ಆ ವಾಸನೆ ಹೊಳೆಯ ನೀರಿನ ಜೊತೆ ಕುಡಿದು.

ನಾನು ಮೆಕ್ಯಾನಿಕ್ ಆಗಿದ್ದವನು ಎಂದು ನಮ್ಮ ಡ್ರೈವರ್ ಹೇಳಿದನೇನೋ, ರೆಸಾರ್ಟಿನ ಮ್ಯಾನೇಜರ್ ನನ್ನ ಹತ್ತಿರ ಬಂದು ನಗುತ್ತಾ ಕೇಳಿದ, ಇದನ್ನು ಕೊಟ್ಟು ಫೋರ್ ಸ್ಟ್ರೋಕ್ ತರಬೇಕು ಅಂತಿದ್ದೇವೆ ಅಂಕಲ್, ಯಾವುದನ್ನ ನಂಬಬಹುದು ಎಂದು. ನಾನು ಬೆನ್ನು ತಿರುಗಿಸಿ ಮೇಲೆ ಹತ್ತಿ ಬಂದೆ. ಮುದುಕನಿಗೆ ಎಂಥದ್ದೋ ಕೊಬ್ಬು ಎಂದುಕೊಂಡಿರಬೇಕು. ಅವನ ತಪ್ಪಿಲ್ಲ. ಈ ಪ್ರಶ್ನೆಗೆ ನಾನು ಒಂದು ಕಾಲದಲ್ಲಿ ತಲೆಯಾಡಿಸಿ ತಲೆಯಾಡಿಸಿ ಎಂಥ ಪಾಪ ಕಟ್ಟಿಕೊಂಡಿದ್ದೇನೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ಎಮರ್ಜೆನ್ಸಿ ಮುಗಿದ ಮರುವರ್ಷದ ಮಳೆಗಾಲ. ಆಗ ಆ ಸೇತುವೆ ಇರಲಿಲ್ಲ. ಕಳಸದ ಪೇಟೆಯಲ್ಲಿ ನನ್ನದೊಂದು ಚಿಕ್ಕ ವರ್ಕ್‌ಶಾಪು. ಜೀಪು, ಪಂಪ್‌ಸೆಟ್ಟು, ಔಷಧಿ ಹೊಡೆಯುವ ಮೆಷಿನ್ನು, ಏನು ಬಂದರೂ ಬಿಚ್ಚುತ್ತಿದ್ದೆ. ಅದಕ್ಕೂ ಮೊದಲು ಏಳು ವರ್ಷ ಮಂಗಳೂರಿನ ಬಂದರಿನಲ್ಲಿ ನನ್ನ ಮಾವನ ಜೊತೆ ಮೀನಿನ ದೋಣಿಗಳ ಮೋಟರು ರಿಪೇರಿ ಮಾಡಿದ್ದೆ. ಘಟ್ಟದ ಮೇಲೆ ದೋಣಿಯ ಮೋಟರು ಬಲ್ಲವನು ನಾನೊಬ್ಬನೇ ಎಂಬ ಗರ್ವ ನನಗಿತ್ತು. ಸುಳ್ಳೂ ಅಲ್ಲ, ಬಲ್ಲವನು ನಾನೊಬ್ಬನೇ ಇದ್ದೆ. ಮುಂದಿನದೆಲ್ಲ ಆಗಿದ್ದು ಆ ಗರ್ವದಿಂದಲೇ.

ಹೊಳೆಯಾಚೆ ಕಲ್ಲುಹಕ್ಲು ಎಸ್ಟೇಟು. ಅದರ ಗೌಡರು ಒಳ್ಳೆಯ ಕಾಫಿ ಬೆಳೆಗಾರರೆಂದು ಹೆಸರು. ಕೂಲಿಯವರ ಸಾಲುಮನೆಗಳ ಲೈನು ಮಾತ್ರ ಹೊಳೆಯ ಈಚೆ. ಬೇಸಿಗೆಯಲ್ಲಿ ಕಲ್ಲು ಹಾರಿ ದಾಟುತ್ತಿದ್ದರು, ಮಳೆ ಹಿಡಿದ ಮೇಲೆ ದೋಣಿಯೇ ಗತಿ. ದೋಣಿ ನಡೆಸುವವನು ಚೀಂಕ್ರ. ಘಟ್ಟದ ಕೆಳಗಿಂದ ಬಂದವನು, ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಬಿದಿರಿನ ಗಳು ಊರಿ, ಹುಟ್ಟು ಹಾಕಿ ಹತ್ತು ಹನ್ನೆರಡು ಜನರನ್ನು ದಾಟಿಸುತ್ತಿದ್ದ. ಹೊಳೆ ಒಂದು ಮಟ್ಟ ಮೀರಿ ಏರಿದರೆ ದೋಣಿಯನ್ನು ದಡದ ನೇರಳೆ ಮರಕ್ಕೆ ಕಟ್ಟಿ, ಇವತ್ತು ಆಗೋದಿಲ್ಲ ಎಂದು ಕೂತುಬಿಡುತ್ತಿದ್ದ. ಗೌಡರೇ ಬಂದು ಹೇಳಿದರೂ ಏಳುತ್ತಿರಲಿಲ್ಲ. ದೋಣಿಗಟ್ಟಿನಿಂದ ಕೂಗಳತೆ ಕೆಳಗೆ ಹೊಳೆ ತಿರುಗುವಲ್ಲಿ ಹೆಬ್ಬಂಡೆಗಳಿದ್ದವು, ಅಲ್ಲಿಗೆ ಹೋದ ಮರದ ದಿಮ್ಮಿ ಸಿಗಿದು ಹೋಳಾಗಿ ಹೊರಬರುತ್ತಿತ್ತು. ಅದನ್ನು ದಿನಾ ನೋಡುವವನು ಅವನು.

ಗೌಡರಿಗೆ ಇದು ಸಹಿಸಲಿಲ್ಲ. ಮಳೆಗಾಲದಲ್ಲಿ ಹತ್ತು ಹನ್ನೆರಡು ದಿನ ಕೆಲಸ ನಿಲ್ಲುತ್ತದೆ, ಗಿಡದ ರೆಂಬೆ ಸವರುವ ಕಸಿ ನಿಲ್ಲುತ್ತದೆ, ಕಳೆ ನಿಲ್ಲುತ್ತದೆ, ಒಬ್ಬ ದೋಣಿಯವನ ಮರ್ಜಿ ಕಾಯಬೇಕಾ ಎಂದು ಮಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಮೋಟರು ತರಿಸಿದರು. ಟೂ ಸ್ಟ್ರೋಕು. ನಾನೇ ದೋಣಿಯ ಹಿಂಬದಿಗೆ ದಪ್ಪ ಹಲಗೆ ಹೊಡೆದು ಕೂರಿಸಿದೆ. ಪೆಟ್ರೋಲಿಗೆ ಬೇರೆ ಟ್ಯಾಂಕಿ. ಅದನ್ನು ದೋಣಿಯೊಳಗೆ ಇಡುವುದು, ಅದರಿಂದ ಮೋಟರಿಗೆ ಒಂದು ರಬ್ಬರ್ ಪೈಪು, ಪೈಪಿನ ನಡುವೆ ನಿಂಬೆಹಣ್ಣಿಗಿಂತ ದೊಡ್ಡದಾದ ಒಂದು ರಬ್ಬರ್ ಉಂಡೆ. ಶುರು ಮಾಡುವ ಮೊದಲು ಉಂಡೆಯನ್ನು ನಾಲ್ಕು ಸಲ ಹಿಸುಕಿದರೆ ಪೆಟ್ರೋಲ್ ಮೇಲೇರುತ್ತದೆ. ಚೀಂಕ್ರ ಎರಡೇ ದಿನದಲ್ಲಿ ಎಲ್ಲ ಕಲಿತ. ದೋಣಿಯ ಮೂತಿಯಲ್ಲಿ ಯಾವಾಗಲೂ ಕೂರುತ್ತಿದ್ದ ಅಕ್ಕಣಿ ಎಂಬ ಮುದುಕಿ ಮಾತ್ರ, ಈ ಹೊಗೆ ಉಗುಳೋ ಜಂತನ್ನ ಹೊಳೆಗೆ ಇಳಿಸ್ಬೇಡಿ ಎಂದು ದಿನವೂ ಬಯ್ಯುತ್ತಿದ್ದಳು. ಕಳೆ ಕೀಳುವ ಹೆಂಗಸರಲ್ಲೆಲ್ಲ ಹಿರಿಯಳು ಅವಳು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಮೋಟರು ಬಂದ ವಾರವೇ ಗೌಡರು ದೋಣಿಯಿಂದ ಹುಟ್ಟು, ಗಳು ಎರಡನ್ನೂ ತೆಗೆಸಬೇಕೆಂದರು, ಆ ಜಾಗದಲ್ಲಿ ಇನ್ನೂ ಇಬ್ಬರನ್ನು ಕೂರಿಸಬಹುದು ಎಂದು. ಚೀಂಕ್ರ ಒಪ್ಪಲಿಲ್ಲ. ಆಗಿನ ಮಟ್ಟಿಗೆ ಬಿಟ್ಟರು.

ಎಂಟನೆಯ ದಿನ ಮೋಟರು ಕೆಮ್ಮಿ ಕೆಮ್ಮಿ ದಡದಲ್ಲೇ ನಿಂತಿತು. ಹೋಗಿ ನೋಡಿದರೆ ಕಾರ್ಬೊರೇಟರಿನಲ್ಲಿ ನೀರು. ಟ್ಯಾಂಕಿಯ ಮುಚ್ಚಳದ ನೆತ್ತಿಯಲ್ಲಿ ಸೂಜಿಮೊನೆಯಷ್ಟು ಒಂದು ತೂತು ಇರುತ್ತದೆ. ಪೆಟ್ರೋಲು ಖಾಲಿಯಾದ ಹಾಗೆ ಅಷ್ಟು ಗಾಳಿ ಒಳಗೆ ಹೋಗಲಿ ಎಂದು ಇರುವ ತೂತು ಅದು. ನಮ್ಮ ಮಳೆ ಅದರಿಂದಲೇ ಇಳಿದಿತ್ತು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ಉಪ್ಪು, ಬೆಂಕಿಪೊಟ್ಟಣ, ರೇಡಿಯೊ, ಜಮೀನಿನ ಪತ್ರ, ಎಲ್ಲವನ್ನೂ ನಾವು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗಾಳಿಯಾಡದಂತೆ ಬಿಗಿಯುತ್ತೇವೆ. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ಕತ್ತರಿಸಿ ಮುಚ್ಚಳದ ಮೇಲೆ ಎರಡು ಪದರ ಹೊದಿಸಿದೆ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಕುತ್ತಿಗೆಗೆ ಬಿಗಿದು ಬಂದರಿನಲ್ಲಿ ಕಲಿತ ಗಂಟು ಹಾಕಿದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶೀನಪ್ಪನಿಗೆ ತೋರಿಸಿ, ಪೆಟ್ರೋಲ್ ತುಂಬಿಸಿದಾಗಲೆಲ್ಲ ಹೀಗೇ ಕಟ್ಟಬೇಕು, ಒಂದು ಹನಿಯೂ ಹೋಗಬಾರದು ಎಂದೆ. ಶೀನಪ್ಪ ಶಿಸ್ತಿನ ಮನುಷ್ಯ. ಹಾಗೇ ಕಟ್ಟಿದ.

ಏಳು ವರ್ಷ ಬಂದರಿನಲ್ಲಿ ದುಡಿದವನಿಗೆ ಇಷ್ಟು ಗೊತ್ತಾಗಲಿಲ್ಲವಾ ಎಂದು ನೀವು ಕೇಳಬಹುದು. ಕೇಳಿ, ಕೇಳಲೇಬೇಕು. ಕಡಲಿನ ದೋಣಿಗಳು ಮಳೆಗಾಲದಲ್ಲಿ ನೀರಿಗೆ ಇಳಿಯುವುದಿಲ್ಲ. ಮಳೆ ಶುರುವಾದರೆ ಮೋಟರನ್ನು ಬಿಚ್ಚಿ, ಎಣ್ಣೆ ಸವರಿ, ಗೋಣಿ ಹೊದಿಸಿ ಮೂಲೆಯಲ್ಲಿ ಇಡುತ್ತಿದ್ದೆವು. ಸುರಿಯುವ ಮಳೆಯಲ್ಲಿ ಓಡುವ ದೋಣಿಯ ಮೋಟರನ್ನು ನಾನು ನೋಡಿದ್ದೇ ಅದೇ ಮೊದಲು. ಗೊತ್ತಿಲ್ಲ ಎಂಬುದೂ ನನಗೆ ಗೊತ್ತಿರಲಿಲ್ಲ.

ಮುಚ್ಚಳ ಕಟ್ಟಿದ ಮೂರನೆಯ ದಿನ ಮೋಟರು ನಡುಹೊಳೆಯಲ್ಲಿ ನಿಂತಿತು. ಹೊಳೆ ತುಂಬಿದಾಗ ನೇರ ದಾಟಲಾಗುವುದಿಲ್ಲ, ದಡದ ಪಕ್ಕದಲ್ಲೇ ಮೇಲಕ್ಕೆ ಸಾಕಷ್ಟು ದೂರ ಹೋಗಿ ಆಮೇಲೆ ಅಡ್ಡ ಹೊರಡಬೇಕು. ಹತ್ತು ನಿಮಿಷದ ದಾರಿ. ಅಡ್ಡ ಹೊರಟ ಮೇಲೆ ನಿಂತಿತ್ತು. ಚೀಂಕ್ರ ಹುಟ್ಟು ಹಾಕಿ, ಹೆಬ್ಬಂಡೆಗೆ ಹೋಗುವ ಮೊದಲೇ ಹೇಗೋ ದಡಕ್ಕೆ ತಂದ. ಅಂಗೈ ಸುಲಿದು ರಕ್ತ ಬಂದಿತ್ತು. ನನ್ನನ್ನು ಕರೆಸಿದರು. ಮೋಟರು ನಿಂತರೆ ಮೆಕ್ಯಾನಿಕ್ ಆದವನು ಮೊದಲು ಏನು ಮಾಡುತ್ತಾನೆ? ಪೆಟ್ರೋಲು ನೋಡುತ್ತಾನೆ. ನಾನು ಗಂಟು ಬಿಚ್ಚಿದೆ, ಮುಚ್ಚಳ ತೆಗೆದೆ, ನೋಡಿದೆ. ಪೆಟ್ರೋಲು ತುಂಬಿತ್ತು, ನೀರಿಲ್ಲ. ಉಂಡೆ ಹಿಸುಕಿದೆ, ಗಟ್ಟಿಯಾಗಿತ್ತು. ಪ್ಲಗ್ ಬಿಚ್ಚಿದೆ, ಎಣ್ಣೆಯ ಮಸಿ ಹಿಡಿದಿತ್ತು. ಉಜ್ಜಿ ಹಾಕಿ ಹಗ್ಗ ಎಳೆದರೆ ಒಂದೇ ಎಳೆತಕ್ಕೆ ಶುರು. ಇದೇ ಕಾಯಿಲೆ ಎಂದು ಪ್ಲಗ್ಗನ್ನು ಎಲ್ಲರಿಗೂ ತೋರಿಸಿದೆ. ಟೂ ಸ್ಟ್ರೋಕಿನ ಹಣೆಬರಹವೇ ಇದು, ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕು, ಆ ಎಣ್ಣೆ ಸುಟ್ಟು ಪ್ಲಗ್ಗಿಗೆ ಮಸಿ ಕಟ್ಟುತ್ತದೆ ಎಂದು ಒಂದು ಭಾಷಣವನ್ನೂ ಬಿಗಿದೆ.

ವಾರ ಬಿಟ್ಟು ಮತ್ತೆ ನಿಂತಿತು. ಮತ್ತೆ ಹೋದೆ, ಮತ್ತೆ ಮುಚ್ಚಳ ತೆಗೆದೆ, ಮತ್ತೆ ಒಂದೇ ಎಳೆತಕ್ಕೆ ಶುರು. ಈ ಸಲ ಎಣ್ಣೆ ಜಾಸ್ತಿ ಬೆರೆಸಿದ್ದೀರಿ ಎಂದು ಶೀನಪ್ಪನ ಮೇಲೆ ಹಾರಿದೆ. ಅವನು ಅಳತೆಯ ಪಾತ್ರೆ ತಂದು ಮುಖಕ್ಕೆ ಹಿಡಿದ. ಅವನ ಅಳತೆ ಸರಿಯಾಗೇ ಇತ್ತು. ಆಗ ಶೀನಪ್ಪ ಬೇರೆ ರಾಗ ತೆಗೆದ. ದಡಕ್ಕೆ ಬಂದ ಕೂಡಲೇ ಸರಿಯಾಗುವ ಮೋಟರು ಹೊಳೆಯಲ್ಲಿ ಯಾಕೆ ಕೆಡುತ್ತದೆ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಈ ಚೀಂಕ್ರನಿಗೆ ನಡೆಸಲು ಬರುವುದಿಲ್ಲ, ಇಲ್ಲವೇ ಬೇಕೆಂದೇ ನಿಲ್ಲಿಸುತ್ತಾನೆ, ಮೋಟರು ಬಂದು ಇವನ ದೊಡ್ಡಸ್ತಿಕೆ ಹೋಯಿತಲ್ಲ ಎಂದ. ಚೀಂಕ್ರ ಎಲ್ಲವನ್ನೂ ಕೇಳಿಸಿಕೊಂಡ. ಶೀನಪ್ಪ ಹೋದ ಮೇಲೆ ನನ್ನ ಹತ್ತಿರ ಬಂದ.

"ಸಾಬ್ರೇ, ನಿಲ್ಲೋ ಮೊದ್ಲು ಆ ರಬ್ಬರ್ ಉಂಡೆ ಬತ್ತಿ ಹೋಗ್ತದೆ. ಯಾರೋ ಒಳಗಿಂದ ಚೀಪಿದ ಹಾಗೆ ಚಪ್ಪಟೆ ಆಗ್ತದೆ."

ನಾನು ಅವನೆದುರೇ ಉಂಡೆ ಹಿಸುಕಿ ತೋರಿಸಿದೆ. ನೋಡು, ಎಲ್ಲಿ ಬತ್ತಿದೆ, ಗಟ್ಟಿಯಾಗಿದೆಯಲ್ಲ ಎಂದೆ. ಮುಚ್ಚಳ ತೆಗೆದ ಮೇಲೆ ಅದು ಗಟ್ಟಿಯಾಗದೆ ಇನ್ನೇನಾಗುತ್ತದೆ? ಇದು ನನ್ನ ತಲೆಗೆ ಹೊಳೆಯಲಿಲ್ಲ. ಅವನು ಬಿಡಲಿಲ್ಲ. ಇನ್ನೊಂದು ವಿಷಯ ಉಂಟು, ಟ್ಯಾಂಕಿ ತುಂಬಿಸಿದ ದಿನವೇ ನಿಲ್ಲುವುದು, ಅರ್ಧ ಇದ್ದ ದಿನ ನಿಲ್ಲುವುದಿಲ್ಲ, ನಾನು ಲೆಕ್ಕ ಇಟ್ಟಿದ್ದೇನೆ ಎಂದ. ನನಗೆ ಸಿಟ್ಟು ಬಂತು. ಓದು ಬರಹ ಬಾರದ ದೋಣಿಯವನು, ಏಳು ವರ್ಷ ಬಂದರಿನಲ್ಲಿ ಮೋಟರು ಬಿಚ್ಚಿದ ನನಗೆ ಪಾಠ ಹೇಳುವುದೇ?

"ಪೆಟ್ರೋಲ್ ಜಾಸ್ತಿ ಇದ್ರೆ ಮೋಟರ್ ನಿಲ್ತದಾ? ಎಂಥ ಮಾತು ಮಾರಾಯ ಇದು. ನೀನು ದೋಣಿ ನೋಡ್ಕೋ, ಮೋಟರ್ ನನಗೆ ಬಿಡು."

ಈ ಮಾತನ್ನು ನಾನು ಹೇಳಿದ ಜಾಗ ಸಹ ನನಗೆ ನೆನಪಿದೆ. ನೇರಳೆ ಮರದ ಬುಡ. ಆ ಮರ ಈಗಿಲ್ಲ.

ಇಂಜಿನ್ನಿಗೆ ಜಗಳ ಹಚ್ಚುವುದು ನಮ್ಮ ಕಡೆಯವರಿಗೆ ಇಷ್ಟದ ಆಟ. ಮೋಟರ್ ಸೈಕಲ್ ಇದ್ದವರು, ಇಲ್ಲದವರು ಎಲ್ಲ ನನ್ನ ವರ್ಕ್‌ಶಾಪಿನ ಬೆಂಚಿನಲ್ಲಿ ಕೂತು ಎರಡು ಪಕ್ಷ ಕಟ್ಟುತ್ತಿದ್ದರು. ಟೂ ಸ್ಟ್ರೋಕು ಹಗುರ, ಒಳಗೆ ಸಾಮಾನು ಕಡಿಮೆ, ಹೊಳೆಯ ದಡದಲ್ಲಿ ಒಂದು ಸ್ಪ್ಯಾನರ್ ಇದ್ದರೆ ಬಿಚ್ಚಿ ಕಟ್ಟಬಹುದು, ಆದರೆ ಹೊಗೆ ಕಾರುತ್ತದೆ, ಪೆಟ್ರೋಲ್ ಕುಡಿಯುತ್ತದೆ ಎಂದು ಒಬ್ಬ. ಫೋರ್ ಸ್ಟ್ರೋಕಿಗೆ ಎಣ್ಣೆ ಅದರ ಹೊಟ್ಟೆಯಲ್ಲೇ ಬೇರೆ ಇರುತ್ತದೆ, ಪ್ಲಗ್ಗಿಗೆ ಮಸಿ ಇಲ್ಲ, ಅರ್ಧ ಪೆಟ್ರೋಲಿನಲ್ಲಿ ಓಡುತ್ತದೆ, ಆದರೆ ಭಾರ, ಕೆಟ್ಟರೆ ಬಿಚ್ಚಲು ಹೊತ್ತು ಬೇಕು ಎಂದು ಇನ್ನೊಬ್ಬ. ಎಲ್ಲವೂ ಸರಿಯಾದ ಮಾತೇ. ಹೊಳೆಯ ನಡುವೆ ದಿನಾ ಹೋಗಿ ಬರುವವನು ಏನು ಹೇಳುತ್ತಾನೆ ಎಂದು ಮಾತ್ರ ಆ ಬೆಂಚಿನಲ್ಲಿ ಯಾರೂ ಕೇಳಲಿಲ್ಲ. ಅವನು ಬೆಂಚಿನಲ್ಲಿ ಕೂರುವ ಜಾತಿಯವನಾಗಿರಲಿಲ್ಲ.

ಮೂರನೆಯ ಸಲ ನಿಂತಾಗ ಗೌಡರು ನನ್ನನ್ನೇ ಕೇಳಿದರು, ಏನು ಮಾಡೋದು ಇಸ್ಮಾಯಿಲ್ ಎಂದು. ನಾನು ಫೋರ್ ಸ್ಟ್ರೋಕ್ ತರಿಸಿ ಎಂದೆ. ಗೌಡರಿಗೆ ಬೊಂಬಾಯಿಯಲ್ಲಿ ಭಾವಮೈದುನ ಇದ್ದ. ಜುಲೈ ಮುಗಿಯುವ ಹೊತ್ತಿಗೆ ಮರದ ಪೆಟ್ಟಿಗೆಯಲ್ಲಿ ಹೊಸ ಮೋಟರು ಬಂತು. ಆ ಕಾಲಕ್ಕೆ ಅಂಥದ್ದು ಕಂಡವರೇ ಕಡಿಮೆ. ಟ್ಯಾಂಕಿ ಮಾತ್ರ ಜೊತೆಗೆ ಬಂದಿರಲಿಲ್ಲ. ಹಳೆಯ ಟ್ಯಾಂಕಿಯನ್ನೇ ತೊಳೆದು, ಹಳೆಯ ಉಂಡೆ, ಹಳೆಯ ಪೈಪು ಜೋಡಿಸಿ, ಬರೀ ಪೆಟ್ರೋಲ್ ತುಂಬಿಸಿ, ಪ್ಲಾಸ್ಟಿಕ್ ಹೊಸದು ಹಾಕಿ, ಇನ್ನೂ ಬಿಗಿಯಾಗಿ ನನ್ನ ಕೈಯಾರೆ ಕಟ್ಟಿದೆ.

ಫೋರ್ ಸ್ಟ್ರೋಕು ಮೊದಲ ದಿನ ಹೋಯಿತು, ಬಂತು. ಹೊಗೆಯಿಲ್ಲ, ಗದ್ದಲವಿಲ್ಲ. ಎರಡನೆಯ ದಿನವೂ ಹಾಗೇ. ಗೌಡರು ಹಿಗ್ಗಿ ಹೀರೇಕಾಯಿ ಆದರು. ಇನ್ನು ಹುಟ್ಟು ಯಾಕೆ, ಗಳು ಯಾಕೆ, ತೆಗೆದು ಲೈನಿನ ಅಟ್ಟಕ್ಕೆ ಹಾಕಿ ಎಂದರು. ಈ ಸಲ ಚೀಂಕ್ರನ ಮಾತು ಕೇಳಲಿಲ್ಲ. ಶೀನಪ್ಪನೇ ನಿಂತು ತೆಗೆಸಿದ. ಚೀಂಕ್ರ ನನ್ನ ಮುಖ ನೋಡಿದ, ನೀವಾದರೂ ಹೇಳಿ ಎನ್ನುವ ಹಾಗೆ. ಒಳ್ಳೆಯ ಮೋಟರು, ಹೆದರಬೇಡ ಎಂದೆ. ಅದು ಚೆನ್ನಾಗಿ ಓಡಿದ್ದು ಯಾಕೆಂದರೆ ಅದು ಪೆಟ್ರೋಲನ್ನು ನಿಧಾನ ಕುಡಿಯುತ್ತಿತ್ತು. ಹಳೆಯದು ಒಂದು ದಾಟಿನಲ್ಲಿ ಕುಡಿದಷ್ಟನ್ನು ಇದು ಎರಡು ಮೂರು ದಾಟಿನಲ್ಲಿ ಕುಡಿಯುತ್ತಿತ್ತು. ಟ್ಯಾಂಕಿಯನ್ನೂ ಆ ಎರಡು ದಿನ ಶೀನಪ್ಪ ಅರ್ಧವೇ ತುಂಬಿಸಿದ್ದ. ಅಷ್ಟೇ ವ್ಯತ್ಯಾಸ. ಅದನ್ನೇ ನಾವು ನಂಬಿಕೆ ಎಂದು ಕರೆದೆವು.

ಮೂರನೆಯ ದಿನ ಬೆಳಿಗ್ಗೆ ಟ್ಯಾಂಕಿ ಕಂಠಮಟ್ಟ ತುಂಬಿಸಿದರು. ಮೊದಲ ದಾಟು ಸರಿಯಾಯಿತು, ಖಾಲಿ ದೋಣಿ ವಾಪಸ್ಸೂ ಬಂತು. ಎರಡನೆಯ ದಾಟಿನಲ್ಲಿ ಹನ್ನೊಂದು ಜನ. ನಡುಹೊಳೆಯಲ್ಲಿ ನಿಂತಿತು. ಚೀಂಕ್ರ ಹಗ್ಗ ಎಳೆದ, ಎಳೆದ, ಎಳೆದ. ಕೈ ಹಾಕಲು ದೋಣಿಯಲ್ಲಿ ಒಂದು ಕೋಲು ಸಹ ಇರಲಿಲ್ಲ. ಕೂತಿದ್ದ ಹಲಗೆಯನ್ನೇ ಕಿತ್ತು ಅದರಿಂದ ಹುಟ್ಟು ಹಾಕಿದನಂತೆ. ಆ ಹಲಗೆಯಿಂದಾಗಿಯೇ ದೋಣಿ ಬಂಡೆಗೆ ಹೋಗದೆ, ತಿರುವಿನಲ್ಲಿ ಹೊಳೆಗೆ ಬಾಗಿದ್ದ ಮರಕ್ಕೆ ಬಡಿದು ಸಿಕ್ಕಿಕೊಂಡಿತು. ಹತ್ತು ಜನ ಕೊಂಬೆ ಹಿಡಿದರು. ಮೂತಿಯಲ್ಲಿ ಕೂತಿದ್ದ ಅಕ್ಕಣಿ ಬಡಿದ ಹೊಡೆತಕ್ಕೆ ನೀರಿಗೆ ಹೋದಳು. ಮಳೆಗೆಂದು ತಲೆ ಬೆನ್ನು ಮುಚ್ಚಿ ಹಾಕಿದ್ದ ಎಲೆಯ ಗೊರಬಿನೊಳಗೆ ನೀರು ತುಂಬಿ ಎಳೆಯಿತು. ಚೀಂಕ್ರ ಹಾರಿದ, ಅವಳ ಸೀರೆಯ ಸೆರಗು ಕೈಗೆ ಸಿಕ್ಕಿತು, ಸೆರಗು ಮಾತ್ರ ಉಳಿಯಿತು. ಅವಳು ಸಿಕ್ಕಿದ್ದು ಮೂರನೆಯ ದಿನ, ಎರಡು ಮೈಲಿ ಕೆಳಗೆ.

ಮರುದಿನ ಮಳೆ ಸ್ವಲ್ಪ ಬಿಟ್ಟಾಗ ದೋಣಿಯನ್ನು ಹಗ್ಗ ಕಟ್ಟಿ ಎಳೆದು ತಂದರು. ಮೋಟರು, ಟ್ಯಾಂಕಿ ಎಲ್ಲ ಇದ್ದ ಹಾಗೇ ಇದ್ದವು. ಠಾಣೆಯಿಂದ ಇಬ್ಬರು ಬಂದಿದ್ದರು. ಗೌಡರು, ಶೀನಪ್ಪ, ಲೈನಿನವರು ಎಲ್ಲ ದಡದಲ್ಲಿ. ಚೀಂಕ್ರ ಒಂದು ಕಡೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಮೋಟರು ನೋಡಿ ಹೇಳು ಎಂದು ನನ್ನನ್ನು ಕರೆದರು. ನಾನು ಎಂದಿನ ಹಾಗೆ ಗಂಟು ಬಿಚ್ಚಿದೆ, ಮುಚ್ಚಳ ತೆಗೆದೆ, ಪೆಟ್ರೋಲ್ ನೋಡಿದೆ, ಉಂಡೆ ಹಿಸುಕಿದೆ, ಹಗ್ಗ ಎಳೆದೆ. ಒಂದೇ ಎಳೆತಕ್ಕೆ ಶುರುವಾಯಿತು. ಮುಚ್ಚಳ ತೆಗೆಯುವಾಗ ಹೊಳೆಯ ಸದ್ದಿನಲ್ಲಿ ನನಗೆ ಬೇರೆ ಯಾವ ಸದ್ದೂ ಕೇಳಿಸಿರಲಿಲ್ಲ.

ಮೋಟರಿನಲ್ಲಿ ದೋಷವಿಲ್ಲ ಎಂದೆ. ಠಾಣೆಯವರು ಅದನ್ನು ಬರೆದುಕೊಂಡರು.

ಮೋಟರಿನಲ್ಲಿ ದೋಷವಿಲ್ಲ ಎಂದ ಮೇಲೆ ಉಳಿಯುವುದು ಮನುಷ್ಯನೊಬ್ಬನೇ. ಚೀಂಕ್ರ ಆ ಹೊತ್ತಿಗೇ ಕುಡಿದಿದ್ದ ಎಂದು ಶೀನಪ್ಪ ಹೇಳಿದ. ಚೀಂಕ್ರ ಕುಡಿಯುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಕುಡಿಯುತ್ತಿದ್ದ, ಸಂಜೆ ದೋಣಿ ಕಟ್ಟಿದ ಮೇಲೆ. ಬೆಳಿಗ್ಗೆ ಎಂಟಕ್ಕೆ ಅಲ್ಲ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರಿಗೆ ಎಷ್ಟು ಗಂಟೆ ಎಂದು ಯಾಕೆ ಬೇಕು? ಅಕ್ಕಣಿಯ ಮಗ ಎಲ್ಲರೆದುರು ಚೀಂಕ್ರನ ಮುಖಕ್ಕೆ ಉಗಿದ. ಅವನು ಒರೆಸಿಕೊಳ್ಳಲೂ ಇಲ್ಲ. ಕೇಸು ಗೀಸು ಏನೂ ಆಗಲಿಲ್ಲ, ಗೌಡರು ಆಗಗೊಡಲಿಲ್ಲ. ದೋಣಿ ಬಿಡಿಸಿದರು, ಲೈನಿನ ಮನೆ ಬಿಡಲು ಹೇಳಿದರು, ಅಷ್ಟೆ. ಗೌಡರು ದೊಡ್ಡ ಮನಸ್ಸಿನವರು ಎಂದು ಊರು ಹೊಗಳಿತು.

ಮೋಟರು, ಟ್ಯಾಂಕಿ ನನ್ನ ವರ್ಕ್‌ಶಾಪಿಗೆ ಬಂದವು. ಆ ಶುಕ್ರವಾರ ನಮಾಜು ಮುಗಿಸಿ ಬಂದೆ. ಪೇಟೆ ನಿಶ್ಶಬ್ದ, ಬೆಂಚು ಖಾಲಿ. ಇಷ್ಟು ಒಳ್ಳೆಯ ಮೋಟರನ್ನು ಸುಮ್ಮನೆ ಇಡುವುದು ಬೇಡ, ಸ್ವಲ್ಪ ಹೊತ್ತು ಓಡಿಸಿ ಇಡೋಣ ಎಂದು ಡ್ರಮ್ಮಿಗೆ ನೀರು ತುಂಬಿಸಿ ಅದಕ್ಕೆ ಮೋಟರು ಸಿಕ್ಕಿಸಿದೆ. ಖಾಲಿಯಾಗಿದ್ದಷ್ಟು ಪೆಟ್ರೋಲನ್ನು ಕಂಠಮಟ್ಟ ತುಂಬಿಸಿ, ಅಭ್ಯಾಸ ನೋಡಿ, ಮತ್ತೆ ಪ್ಲಾಸ್ಟಿಕ್ ಹೊದಿಸಿ ಕಟ್ಟಿದೆ. ಸೂರಿನ ಅಡಿಯಲ್ಲಿ ಮಳೆಯಿಲ್ಲ, ಆದರೂ ಕಟ್ಟಿದೆ. ಮೋಟರು ಚೆನ್ನಾಗಿ ಓಡುತ್ತಿತ್ತು. ನಾನು ಒಂದು ಜೀಪಿನ ಬ್ರೇಕು ನೋಡುತ್ತಾ ಕೂತೆ. ಇಪ್ಪತ್ತು ನಿಮಿಷವೋ ಇಪ್ಪತ್ತೈದೋ, ಸದ್ದು ಇಳಿಯಿತು, ಎರಡು ಸಲ ಎಳೆದುಸಿರು ಬಿಟ್ಟು ನಿಂತಿತು.

ತಿರುಗಿ ನೋಡಿದೆ. ಉಂಡೆ ಬತ್ತಿತ್ತು. ಯಾರೋ ಒಳಗಿಂದ ಚೀಪಿದ ಹಾಗೆ ಚಪ್ಪಟೆಯಾಗಿತ್ತು.

ಬ್ಲೇಡು ತಂದು ಟ್ಯೂಬ್ ಕತ್ತರಿಸಿದೆ, ಪ್ಲಾಸ್ಟಿಕ್ ಎತ್ತಿದೆ. ಆ ಸೂಜಿಮೊನೆ ತೂತಿನಿಂದ ಟ್ಯಾಂಕಿ ಸುಯ್ಯೆಂದು ಗಾಳಿ ಎಳೆದುಕೊಂಡಿತು, ಮುಳುಗಿ ಎದ್ದವನು ಉಸಿರು ಎಳೆದುಕೊಳ್ಳುವ ಹಾಗೆ. ನನ್ನ ಕಣ್ಣೆದುರೇ ಉಂಡೆ ಉಬ್ಬಿ ದುಂಡಗಾಯಿತು. ಗಾಳಿ ಹೋಗುವ ಒಂದೇ ತೂತನ್ನು ನಾನು ಕಟ್ಟಿದ್ದೆ. ಪೆಟ್ರೋಲ್ ಖಾಲಿಯಾದಷ್ಟೂ ಆ ಜಾಗ ತುಂಬಲು ಗಾಳಿಯಿಲ್ಲದೆ ಟ್ಯಾಂಕಿ ಪೆಟ್ರೋಲನ್ನು ಒಳಕ್ಕೇ ಹಿಡಿದೆಳೆದು, ಮೋಟರು ಎಷ್ಟು ಎಳೆದರೂ ಹನಿ ಬಾರದೆ ನಿಲ್ಲುತ್ತಿತ್ತು. ಟ್ಯಾಂಕಿ ಅರ್ಧ ಇದ್ದರೆ ಒಳಗೆ ಬೇಕಾದಷ್ಟು ಗಾಳಿ ಇರುತ್ತದೆ, ಸುಧಾರಿಸಿಕೊಳ್ಳುತ್ತದೆ. ತುಂಬಿದ್ದರೆ ಬೇಗ ನಿಲ್ಲುತ್ತದೆ. ದಡಕ್ಕೆ ಬಂದು ನಾನು ಮುಚ್ಚಳ ತೆಗೆದ ಕ್ಷಣವೇ ಕಾಯಿಲೆ ಮಾಯ. ಎರಡು ಜಾತಿಯ ಮೋಟರಿಗೂ ಒಂದೇ ಕಾಯಿಲೆ ಬಂದರೆ ಕಾಯಿಲೆ ಮೋಟರಿನದ್ದಲ್ಲ ಎಂದು ಮೊದಲ ವರ್ಷದ ಕೆಲಸಗಾರನಿಗೂ ಹೊಳೆಯಬೇಕಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು.

ಸೀದಾ ಗೌಡರ ಮನೆಗೆ ಹೋದೆ. ಪೇಟೆಯ ಹತ್ತಿರವೇ ಅವರ ಮನೆ. ಕತ್ತರಿಸಿದ ಟ್ಯೂಬು ಕೈಯಲ್ಲೇ ಇತ್ತು. ಎಲ್ಲ ಹೇಳಿದೆ. ಗೌಡರು ದಡ್ಡರಲ್ಲ, ಒಂದೇ ಸಲಕ್ಕೆ ಅರ್ಥವಾಯಿತು. ಟ್ಯೂಬನ್ನು ಕೈಗೆ ತೆಗೆದುಕೊಂಡರು.

"ಯಾರು ಕಟ್ಟಿದ್ದು ಇದನ್ನ?"

ನಾನೇ ಎಂದೆ.

"ಹಾಗಾದ್ರೆ ಸುಮ್ನಿರು ಮಾರಾಯ. ಈಗ ಚೀಂಕ್ರನ ಕೆಲ್ಸ ಹೋಗಿದೆ ಅಷ್ಟೆ, ಅವನಿಗೆ ಇನ್ನೊಂದು ಎಸ್ಟೇಟ್ ಸಿಗ್ತದೆ. ನೀನು ಬಾಯಿ ಬಿಟ್ರೆ ನಿನ್ನ ಹೆಸ್ರು ಬರೀತಾರೆ. ಆಮೇಲೆ ಜೀಪ್ ಯಾರು ತರ್ತಾರೆ ನಿನ್ನ ಹತ್ರ?"

ಹುಟ್ಟು ತೆಗೆಸಿದ್ದು ನೀವಲ್ಲವಾ ಗೌಡ್ರೇ, ಒಂದು ಹುಟ್ಟು ಇದ್ದಿದ್ದರೆ ಮುದುಕಿ ಬದುಕುತ್ತಿದ್ದಳು ಎಂದು ನಾನು ಹೇಳಿದೆ. ಅಷ್ಟು ಧೈರ್ಯ ನನಗೆ ಹೇಗೆ ಬಂತೋ ಗೊತ್ತಿಲ್ಲ. ಗೌಡರು ಸಿಟ್ಟು ಮಾಡಲಿಲ್ಲ. ಒಳಗೆ ತಿರುಗಿ, ಇಸ್ಮಾಯಿಲನಿಗೆ ಒಂದು ಕಾಫಿ ತನ್ನಿ ಎಂದರು. ಕಾಫಿ ಬಂತು, ಅವರ ತೋಟದ್ದೇ, ಒಳ್ಳೆಯ ಕಾಫಿ. ನಾನು ಆ ಕಾಫಿ ಕುಡಿದೆ. ಅಷ್ಟಕ್ಕೆ ನಾನು ಬಾಯಿ ಮುಚ್ಚಿಕೊಂಡೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆ ಆಗುತ್ತದೆ.

ಮರುದಿನ ಚೀಂಕ್ರ ಘಟ್ಟ ಇಳಿಯುತ್ತಾನೆ ಎಂದು ಗೊತ್ತಾಗಿ ಬಸ್ ಸ್ಟ್ಯಾಂಡಿಗೆ ಓಡಿದೆ. ಅವನ ಹೆಂಡತಿ ಬಸ್ಸಿನಲ್ಲಿ ಕೂತಾಗಿತ್ತು. ಅವನು ಮೇಲೆ ಗಂಟು ಮೂಟೆ ಕಟ್ಟಿ ಇಳಿಯುತ್ತಿದ್ದ. ಎಲ್ಲ ಹೇಳಿದೆ, ತೂತು, ಪ್ಲಾಸ್ಟಿಕ್ಕು, ಉಂಡೆ. ತಪ್ಪು ನಿನ್ನದಲ್ಲ, ನನ್ನದು ಎಂದೆ. ಅವನು ಬಯ್ಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಎಷ್ಟೋ ಒಳ್ಳೆಯದಿತ್ತು.

"ಇದನ್ನ ಅಕ್ಕಣಿ ಮಗನ ಹತ್ರ ಹೇಳ್ತೀರಾ ಸಾಬ್ರೇ?"

ಕೆಲಸ ಕೇಳಲಿಲ್ಲ, ಲೈನಿನ ಮನೆ ಕೇಳಲಿಲ್ಲ. ಅದೊಂದೇ ಕೇಳಿದ. ಹೇಳ್ತೇನೆ ಎಂದೆ. ಅವನು ನನ್ನ ಮಾತು ನಂಬಿ ಬಸ್ಸು ಹತ್ತಿದ.

ನಾನು ಹೇಳಲಿಲ್ಲ. ಇವತ್ತು ಬೇಡ, ಹಬ್ಬ ಕಳೆಯಲಿ, ಮಳೆ ಕಳೆಯಲಿ ಎಂದು ಮುಂದೂಡುತ್ತಾ ಹೋದೆ. ಎಂಬತ್ತರ ದಶಕದಲ್ಲಿ ಸೇತುವೆ ಬಂತು, ದೋಣಿ ಹೋಯಿತು. ಗೌಡರು ಮಾತ್ರ ಆ ಮೋಟರಿನ ಕತೆಯನ್ನು ಸಾಯುವ ತನಕ ಹೇಳಿದರು. ಎಂಥ ಮೋಟರು ಅಂತೀರಿ, ದೋಣಿ ಮರಕ್ಕೆ ಹೊಡೆದು ರಾತ್ರಿಯೆಲ್ಲ ಮಳೆಯಲ್ಲಿ ನೆನೆದರೂ ಮರುದಿನ ಒಂದೇ ಎಳೆತಕ್ಕೆ ಶುರು, ಫೋರ್ ಸ್ಟ್ರೋಕ್ ಅಂದರೆ ಅದು, ದೋಣಿಯವನು ಕುಡಿಯದೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ, ಬೇಕಾದರೆ ಇಸ್ಮಾಯಿಲನ್ನ ಕೇಳಿ ಎನ್ನುತ್ತಿದ್ದರು. ಜನ ನನ್ನ ಬೆಂಚಿಗೆ ಬಂದು ಕೇಳುತ್ತಿದ್ದರು. ಹೌದಾ ಇಸ್ಮಾಯಿಲ್, ಫೋರ್ ಸ್ಟ್ರೋಕೇ ನಂಬಿಕೆಯದ್ದಾ? ನಾನು ತಲೆಯಾಡಿಸುತ್ತಿದ್ದೆ. ಆಡಿಸಿದ ಪ್ರತಿ ಸಲವೂ ಚೀಂಕ್ರನನ್ನು ಮತ್ತೊಮ್ಮೆ ಕುಡುಕ ಮಾಡಿದೆ.

ಗೌಡರು ಹೋದರು, ಶೀನಪ್ಪ ಹೋದ. ಚೀಂಕ್ರ ಎಲ್ಲಿ ಹೋದನೋ ಯಾರಿಗೂ ಗೊತ್ತಿಲ್ಲ. ಅಕ್ಕಣಿಯ ಮಗ ಇದ್ದಾನೆ, ಎಪ್ಪತ್ತು ದಾಟಿದೆ, ಕಳಸದಲ್ಲೇ ಮೊಮ್ಮಗನ ಅಂಗಡಿಯಲ್ಲಿ ಕೂರುತ್ತಾನೆ. ಅವತ್ತು ಸೇತುವೆಯಿಂದ ಕಾರು ಹತ್ತಿದವನು ಗಂಡಿನ ಮನೆಗೆ ಹೋಗುವ ಮೊದಲು ಆ ಅಂಗಡಿಯೆದುರು ನಿಲ್ಲಿಸಲು ಹೇಳಿದೆ. ಡ್ರೈವರ್ ಹೊತ್ತಾಯಿತು ಎಂದ. ನನಗೆ ಹೊತ್ತಾಗಿ ನಲವತ್ತು ವರ್ಷ ಮೇಲಾಗಿತ್ತು. ಇಳಿದು ಹೋದೆ. ಅವನಿಗೆ ಕಿವಿ ಮಂದ, ಗಟ್ಟಿಯಾಗಿ ಹೇಳಬೇಕಾಯಿತು, ಅಂಗಡಿಯಲ್ಲಿದ್ದವರೆಲ್ಲ ಕೇಳುವ ಹಾಗೆ. ಎರಡೂ ಒಳ್ಳೆಯ ಮೋಟರೇ ಆಗಿದ್ದವು ಎಂದೆ. ಚೀಂಕ್ರ ಅವತ್ತು ಕುಡಿದಿರಲಿಲ್ಲ ಎಂದೆ. ಟ್ಯಾಂಕಿಯ ಮುಚ್ಚಳ ಕಟ್ಟಿದವನು ನಾನು, ಅವನು ನನಗೆ ಮೊದಲೇ ಹೇಳಿದ್ದ ಎಂದೆ.

ಅವನು ಕೇಳಿದ, "ನಾನು ಅವನ ಮುಖಕ್ಕೆ ಉಗಿದಾಗ ನೀವು ಅಲ್ಲೇ ಇದ್ರಲ್ಲ?"

ಇದ್ದೆ ಎಂದೆ.